ಮೂರು ಊರಿಗೆ ಒಂದೇ ಗುರುತು

ಆ ಅಚ್ಚನ್ನು ಕಟ್ಟಲು ನನಗೆ ಒಂಬತ್ತು ದಿನ ಹಿಡಿಯಿತು. ಅಚ್ಚು ಅಂದರೆ ಕಬ್ಬಿಣದ್ದಲ್ಲ, ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರಿನದು. ನಾನು ಕೆಲಸ ಮಾಡುವ ಆಸ್ಪತ್ರೆಯ ಮುಖ್ಯ ಕಟ್ಟಡ ಹೊಸಪೇಟೆಯಲ್ಲಿದೆ. ಸಂಡೂರು ಮತ್ತು ಕಂಪ್ಲಿಯಲ್ಲಿ ಶಾಖೆಗಳಿವೆ, ಕಮಲಾಪುರದಲ್ಲಿ ಇನ್ನೊಂದು ಬರುವುದಿತ್ತು. ಪ್ರತಿ ಶಾಖೆಯ ರಕ್ತ ಪರೀಕ್ಷಾ ಕೊಠಡಿಯಲ್ಲಿ ಒಂದು ಚಿಕ್ಕ ಸರ್ವರ್ ಇಟ್ಟು, ಅದರೊಳಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಓಡುವ ಒಂದು ವರ್ಚುವಲ್ ಮಷೀನ್ ಕೂರಿಸಬೇಕಿತ್ತು. ಪರೀಕ್ಷಾ ಯಂತ್ರ ಕೊಡುವ ಅಂಕಿಗಳನ್ನು ಅದು ಹಿಡಿದು ಹೊಸಪೇಟೆಯ ಕೇಂದ್ರ ಸರ್ವರಿಗೆ ಕಳಿಸುತ್ತದೆ, ಅಲ್ಲಿಂದ ವರದಿ ವೈದ್ಯರ ಪರದೆಗೆ ಹೋಗುತ್ತದೆ. ಊರೂರಿಗೆ ಹೋಗಿ ಮೊದಲಿನಿಂದ ಕಟ್ಟುವ ಬದಲು, ಒಂದನ್ನು ಚೊಕ್ಕಟವಾಗಿ ಕಟ್ಟಿ, ಅದನ್ನೇ ಟೆಂಪ್ಲೇಟ್ ಮಾಡಿಟ್ಟು, ಬೇಕಾದಷ್ಟು ಪ್ರತಿ ತೆಗೆಯೋಣ ಎಂದು ಸಭೆಯಲ್ಲಿ ಹೇಳಿದವಳು ನಾನೇ. ಹೇಳಿದ ಮೇಲೆ ಮಾಡಲೇಬೇಕಲ್ಲ.

ಮೊದಲ ನಾಲ್ಕು ದಿನ ಕಟ್ಟುವ ಕೆಲಸ. ಲಿನಕ್ಸನ್ನು ತೀರಾ ಅಗತ್ಯವಿದ್ದಷ್ಟೇ ಹಾಕಿದೆ. ಡಿಸ್ಕನ್ನು ಮುಂದೆ ಬೇಕಾದಾಗ ಹಿಗ್ಗಿಸಲು ಬರುವಂತೆ ಭಾಗ ಮಾಡಿದೆ. ವರದಿಯ ಮೇಲೆ ಬೀಳುವ ಹೊತ್ತು ವೈದ್ಯರಿಗೆ ಮುಖ್ಯವಾದ್ದರಿಂದ ಎಲ್ಲ ಶಾಖೆಗಳ ಗಡಿಯಾರವೂ ಹೊಸಪೇಟೆಯ ಸರ್ವರನ್ನೇ ಕೇಳಿ ನಡೆಯುವಂತೆ ಮಾಡಿದೆ. ಪರೀಕ್ಷಾ ಯಂತ್ರದಿಂದ ಅಂಕಿ ಎತ್ತಿಕೊಳ್ಳುವ ಪ್ರೋಗ್ರಾಮು, ಅದು ನಿಂತುಹೋದರೆ ತಾನಾಗಿ ಎಬ್ಬಿಸುವ ಏರ್ಪಾಡು, ದೂರದಿಂದ ಒಳಗೆ ಹೋಗಲು ಪಾಸ್‌ವರ್ಡಿನ ಬದಲು ಕೀಲಿ, ಹೀಗೆ ಒಂದೊಂದೇ ಸೇರಿಸುತ್ತ ಹೋದೆ. ಐದನೇ ದಿನ ಪರೀಕ್ಷೆಗೆಂದು ಒಂದು ಪ್ರತಿ ತೆಗೆದರೆ ಅದಕ್ಕೆ ನೆಟ್‌ವರ್ಕೇ ಸಿಗಲಿಲ್ಲ. ಅರ್ಧ ದಿನ ಕೇಬಲ್ಲನ್ನೂ ಸ್ವಿಚ್ಚನ್ನೂ ಬೈದುಕೊಂಡು ಓಡಾಡಿದೆ. ಕೊನೆಗೆ ನೋಡಿದರೆ ಮೂಲ ಮಷೀನಿನ ನೆಟ್‌ವರ್ಕ್ ಕಾರ್ಡಿನ ವಿಳಾಸವನ್ನು ನಾನೇ ಒಂದು ಕಡತದಲ್ಲಿ ಬರೆದಿಟ್ಟಿದ್ದೆ. ಪ್ರತಿಗೆ ಸಿಕ್ಕಿದ್ದು ಬೇರೆ ಕಾರ್ಡು. ಅದು ಇಲ್ಲದ ಕಾರ್ಡನ್ನು ಹುಡುಕುತ್ತ ಕೂತಿತ್ತು. ಆ ಸಾಲನ್ನು ಅಳಿಸಿದೆ.

ಕಟ್ಟುವುದಕ್ಕಿಂತ ಅಳಿಸುವುದಕ್ಕೇ ಹೆಚ್ಚು ಎಚ್ಚರ ಬೇಕು ಎಂದು ಆಗ ಅನ್ನಿಸಿತು. ಅದಕ್ಕೇ ಇಪ್ಪತ್ಮೂರು ಅಂಶಗಳ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಹಳೆಯ ಲಾಗ್‌ಗಳನ್ನು ಖಾಲಿ ಮಾಡು, ತಾತ್ಕಾಲಿಕ ಕಡತ ತೆಗೆ, ನಾನು ಕೊಟ್ಟ ಆಜ್ಞೆಗಳ ಚರಿತ್ರೆ ಅಳಿಸು, ಮಷೀನಿನ ಹೆಸರು ತೆಗೆ. ಹತ್ತೊಂಬತ್ತನೆಯದು, ಇಪ್ಪತ್ತನೆಯದು ಎಲ್ಲಕ್ಕಿಂತ ಮುಖ್ಯ. ಲಿನಕ್ಸ್ ಮಷೀನ್ ಮೊದಲ ಸಲ ಶುರುವಾದಾಗ ತನಗೆ ತಾನೇ ಮೂವತ್ತೆರಡು ಅಕ್ಷರಗಳ ಒಂದು ಗುರುತನ್ನು ಬರೆದುಕೊಳ್ಳುತ್ತದೆ. ಲೋಕದ ಇನ್ನೊಂದು ಮಷೀನಿಗೆ ಆ ಗುರುತು ಇರಬಾರದು. ಹಾಗೆಯೇ ದೂರದಿಂದ ಬರುವವರಿಗೆ ತಾನು ಯಾರೆಂದು ತೋರಿಸಲು ತನ್ನದೇ ಕೀಲಿಗಳನ್ನೂ ಮಾಡಿಕೊಳ್ಳುತ್ತದೆ. ಟೆಂಪ್ಲೇಟಿನಲ್ಲಿ ಗುರುತಿನ ಕಡತವನ್ನು ಖಾಲಿ ಮಾಡಿ, ಕೀಲಿಗಳನ್ನು ಅಳಿಸಿ, ಮಷೀನನ್ನು ಆರಿಸಬೇಕು. ಆಮೇಲೆ ಅದನ್ನು ಶುರು ಮಾಡಲೇಬಾರದು. ಮಾಡಿದರೆ ಅದು ಮತ್ತೆ ಒಂದು ಗುರುತು ಬರೆದುಕೊಳ್ಳುತ್ತದೆ, ಮುಂದೆ ತೆಗೆದ ಪ್ರತಿಗಳೆಲ್ಲ ಅದೇ ಗುರುತನ್ನು ಹೊತ್ತುಕೊಂಡು ಹೋಗುತ್ತವೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗಲು ಬರುವುದಿಲ್ಲ. ಗೊತ್ತಿತ್ತು. ಭಾನುವಾರ ಸಂಜೆ ಇಪ್ಪತ್ಮೂರಕ್ಕೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಮಷೀನನ್ನು ಆರಿಸಿ ಮನೆಗೆ ಹೋದೆ. ಟೆಂಪ್ಲೇಟ್ ಎಂದು ಪರಿವರ್ತಿಸುವ ಕೊನೆಯ ಗುಂಡಿ ಒತ್ತುವುದಷ್ಟೇ ಉಳಿದಿತ್ತು.

ಸೋಮವಾರ ಬೆಳಗ್ಗೆ ಆಸ್ಪತ್ರೆ ನಡೆಸುವ ನಮ್ಮ ಸಂಸ್ಥೆಯ ಹಿರಿಯರು ಸರ್ವರ್ ಕೋಣೆಗೆ ಬಂದರು. ಎಪ್ಪತ್ತು ದಾಟಿದವರು, ಹಣೆಯ ತುಂಬ ವಿಭೂತಿ, ಅಕ್ಕಿ ಗಿರಣಿ ನಡೆಸಿಕೊಂಡು ಬಂದ ಮನೆತನ. ಅವರ ಗಿರಣಿಯಲ್ಲಿ ಒಂದು ಪದ್ಧತಿ ಇದೆ. ಹೊಸ ಯಂತ್ರ ಬಂದರೆ ಕೆಲಸಕ್ಕೆ ಹಚ್ಚುವ ಮುಂಚೆ, ಒಳ್ಳೆಯ ಹೊತ್ತು ನೋಡಿ, ಪೂಜೆ ಮಾಡಿ, ಮನೆಯ ಹಿರಿಯರ ಕೈಯಿಂದ ಒಂದು ಸಲ ಖಾಲಿ ತಿರುಗಿಸಿ ನಿಲ್ಲಿಸುತ್ತಾರೆ. ಆಸ್ಪತ್ರೆಗೆ ಬಂದ ಸ್ಕ್ಯಾನಿಂಗ್ ಯಂತ್ರಕ್ಕೂ ಜನರೇಟರಿಗೂ ಹಾಗೆಯೇ ಆಗಿತ್ತು. ತಟ್ಟೆಯಲ್ಲಿ ತೆಂಗಿನಕಾಯಿ, ನಿಂಬೆಹಣ್ಣು, ಊದಿನಕಡ್ಡಿ. ಹಿಂದೆ ಆಡಳಿತಾಧಿಕಾರಿ, ನಾಲ್ಕು ಜನ ನರ್ಸುಗಳು.

"ಎಲ್ಲೈತವ್ವಾ ನಿನ್ನ ಮಷೀನು?" ಎಂದರು ಹಿರಿಯರು.

"ಕಣ್ಣಿಗೆ ಕಾಣಂಗಿಲ್ರಿ ಅಪ್ಪಾರ, ಈ ಡಬ್ಬಿ ಒಳಗೈತಿ. ಪೂಜಿ ಮಾಡ್ರಿ, ಆದ್ರ ಚಾಲೂ ಮಾಡೋದು ಬ್ಯಾಡ್ರಿ. ಎಲ್ಲಾ ಅಳಿಸಿ ತೊಳೆದು ಇಟ್ಟೀನಿ."

"ತೊಳೆದಿಟ್ಟದ್ದಕ್ಕ ಪೂಜಿ ಮಾಡೋದವ್ವಾ. ಒಂದ್ಸಲ ತಿರುಗಿಸಿ ನಿಲ್ಲಸ್ತೀನಿ, ಅಷ್ಟ. ಹಂಗ ಕಳಿಸಿದ್ರ ಮನಸ್ಸಿಗೆ ಸಮಾಧಾನ ಆಗಂಗಿಲ್ಲ."

ಒಂದು ಪ್ರತಿ ತೆಗೆದು ಅದಕ್ಕೆ ಪೂಜೆ ಮಾಡಿಸಬಹುದಿತ್ತು. ಐದು ನಿಮಿಷದ ಕೆಲಸ. ಆದರೆ ಅಷ್ಟು ಜನ ನಿಂತಿದ್ದರು, ಊದಿನಕಡ್ಡಿ ಉರಿಯುತ್ತಿತ್ತು, ಹಿರಿಯರ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆಮೇಲೆ ಮತ್ತೆ ತೊಳೆದರಾಯಿತು ಎಂದುಕೊಂಡು ಮೌಸನ್ನು ಅವರ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿ ಒತ್ತಿದರು. ಪರದೆಯ ಮೇಲೆ ಸಾಲುಗಳು ಓಡಿದವು, ಕೊನೆಗೆ ಲಾಗಿನ್ ಎಂದು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಷೀನನ್ನು ಆರಿಸಿದೆ.

ಪ್ರಸಾದ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಸಂಡೂರಿನಿಂದ ಫೋನು. ಅಲ್ಲಿಯ ನೆಟ್‌ವರ್ಕ್ ಲೈನು ಬಿದ್ದಿತ್ತು. ಅದನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟ ಮಾಡಿ ಬಂದು ಕುರ್ಚಿಯಲ್ಲಿ ಕೂತು ಗೋಡೆಯ ಪಟ್ಟಿ ನೋಡಿದೆ. ಇಪ್ಪತ್ಮೂರು ಕೆಂಪು ಗುರುತುಗಳು. ಎಲ್ಲ ಆಗಿದೆಯಲ್ಲ ಎಂದು ಪರಿವರ್ತಿಸುವ ಗುಂಡಿ ಒತ್ತಿದೆ.

ಆ ವಾರ ಸಂಡೂರಿಗೆ ಒಂದು ಪ್ರತಿ ಹೋಯಿತು, ಮುಂದಿನ ವಾರ ಕಂಪ್ಲಿಗೆ. ಕಂಪ್ಲಿಯ ಮಷೀನಿಗೆ ಮೊದಲ ಸಲ ದೂರದಿಂದ ಲಾಗಿನ್ ಆಗುವಾಗ ಪರದೆಯ ಮೇಲೆ ಒಂದು ಸೂಚನೆ ಬಂತು: ಈ ಮಷೀನ್ ತೋರಿಸುತ್ತಿರುವ ಕೀಲಿ ನಿಮಗೆ ಇನ್ನೊಂದು ಹೆಸರಿನಲ್ಲಿ ಈಗಾಗಲೇ ಗೊತ್ತು, ಮುಂದುವರಿಯಲೇ? ಅದರ ಕೆಳಗೆ ಸಂಡೂರಿನ ಮಷೀನಿನ ಹೆಸರು. ಕೆಲಸದ ಗಡಿಬಿಡಿಯಲ್ಲಿ ಇಂಥ ಸಾಲುಗಳನ್ನು ಯಾರು ಓದುತ್ತಾರೆ? ಹೌದು ಎಂದು ಟೈಪ್ ಮಾಡಿ ಒಳಗೆ ಹೋದೆ. ಎರಡೂ ಊರಿನ ವರದಿಗಳು ಸರಾಗವಾಗಿ ಬರತೊಡಗಿದವು. ಆಡಳಿತಾಧಿಕಾರಿ ಸಭೆಯಲ್ಲಿ ನನ್ನನ್ನು ಹೊಗಳಿದರು, ನಾನೂ ಬೀಗಿದೆ.

ಮೂರು ವಾರ ಕಳೆದಿರಬೇಕು. ಕಂಪ್ಲಿ ಹತ್ತಿರದ ಮೆಟ್ರಿ ಹಳ್ಳಿಯ ಒಬ್ಬ ವಯಸ್ಸಾದ ರೈತ ಕಂಪ್ಲಿ ಶಾಖೆಗೆ ಬಂದರು. ಕಿಡ್ನಿ ತೊಂದರೆ ಇದ್ದವರು, ಎರಡು ದಿನದಿಂದ ಸುಸ್ತು. ವೈದ್ಯರು ರಕ್ತದ ಪೊಟ್ಯಾಸಿಯಂ ತುರ್ತಾಗಿ ನೋಡಲು ಹೇಳಿದರು. ವರದಿ 4.2 ಎಂದು ಬಂತು, ಅಂದರೆ ಎಲ್ಲ ಸರಿ ಇದೆ. ಮಾತ್ರೆ ಬರೆದು ಮನೆಗೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಎದ್ದು ನಿಲ್ಲಲು ಆಗಲಿಲ್ಲ. ಮಗ ಆಟೋದಲ್ಲಿ ಮಲಗಿಸಿಕೊಂಡು ಮತ್ತೆ ಕಂಪ್ಲಿಗೆ ತಂದ. ವೈದ್ಯರು ಇಸಿಜಿಯಲ್ಲಿ ಪೊಟ್ಯಾಸಿಯಂ ವಿಪರೀತ ಏರಿದ ಲಕ್ಷಣ ಕಂಡು ಗಾಬರಿಯಾಗಿ, ಕೂಡಲೇ ಹೊಸಪೇಟೆಗೆ ಕಳಿಸಿ ಡಯಾಲಿಸಿಸ್ ಮಾಡಿಸಿದರು. ಜೀವ ಉಳಿಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಆಮೇಲೆ ಹೇಳಿದರು.

ಮರುದಿನ ಆ ಮಗ ಕಂಪ್ಲಿ ಶಾಖೆಯ ಹಾಲಿನಲ್ಲಿ ನಿಂತು, ಕಾಯುತ್ತ ಕೂತ ರೋಗಿಗಳೆಲ್ಲರ ಮುಂದೆ ಅಲ್ಲಿಯ ಲ್ಯಾಬ್ ಟೆಕ್ನಿಷಿಯನ್‌ಳನ್ನು ಬೈದ. ಆಕೆ ಕಂಪ್ಲಿಯವಳೇ, ಮೂವತ್ತೈದರ ಆಸುಪಾಸಿನ ಹೆಂಗಸು, ಶಾಖೆ ತೆರೆದ ದಿನದಿಂದ ಅಲ್ಲಿದ್ದವಳು. ಕಣ್ಣಿಲ್ಲೇನು ನಿನಗ, ನಮ್ಮಪ್ಪನ್ನ ಕೊಲ್ಲಾಕ ಕುಂತೀಯೇನು ಎಂದನಂತೆ. ಕೂತಿದ್ದವರಲ್ಲಿ ಇಬ್ಬರು ರಕ್ತ ಕೊಡದೆ ಎದ್ದು ಹೋದರಂತೆ. ಆಕೆ ಹೇಳಿದ್ದು ಒಂದೇ ಮಾತು: ಯಂತ್ರದ ಮೇಲೆ ನಾನು ಕಣ್ಣಾರೆ ನೋಡಿದ್ದು 6.8, ಅದೇ ವೈದ್ಯರ ಪರದೆಗೂ ಹೋಯಿತು ಎಂದುಕೊಂಡಿದ್ದೆ.

ಆಡಳಿತಾಧಿಕಾರಿ ನನ್ನನ್ನು ಕರೆದು, ಕೇಂದ್ರದ ಲಾಗ್, ಅಂದರೆ ಯಾವ ಅಂಕಿ ಯಾವಾಗ ಬಂತೆಂಬ ದಾಖಲೆ, ನೋಡಿ ವರದಿ ಕೊಡಿ ಎಂದರು. ನೋಡಿದೆ. ಇಲ್ಲಿ ಒಂದು ವಿಷಯ ವಿವರಿಸಬೇಕು. ಸಾಮಾನ್ಯ ರಕ್ತದ ಮಾದರಿಗಳ ಮೇಲೆ ಶಾಖೆಯ ಅಕ್ಷರವಿರುವ ಬಾರ್‌ಕೋಡ್ ಅಂಟಿಸುತ್ತಾರೆ. ತುರ್ತು ಮಾದರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ, ಯಂತ್ರದ ಮೇಲೆಯೇ ಒಂದು, ಎರಡು, ಮೂರು ಎಂದು ಒತ್ತುತ್ತಾರೆ, ದಿನವೂ ಒಂದರಿಂದ ಶುರು. ಯಾವ ಊರಿನ ಎರಡನೇ ನಂಬರು ಎಂದು ಕೇಂದ್ರಕ್ಕೆ ತಿಳಿಯುವುದು, ಕಳಿಸಿದ ಮಷೀನಿನ ಆ ಮೂವತ್ತೆರಡು ಅಕ್ಷರದ ಗುರುತಿನಿಂದ. ಒಂದೇ ಗುರುತು, ಒಂದೇ ನಂಬರು ಎರಡು ಸಲ ಬಂದರೆ ಅದು ಮರುಪರೀಕ್ಷೆ ಎಂದು ತಿಳಿದು ಹಳೆಯ ಅಂಕಿ ತೆಗೆದು ಹೊಸದನ್ನು ಇಡುತ್ತದೆ. ಲಾಗಿನಲ್ಲಿ ಸ್ಪಷ್ಟವಾಗಿತ್ತು. ತುರ್ತು ನಂಬರ್ ಎರಡು, ಮೊದಲು 6.8, ಹನ್ನೆರಡು ನಿಮಿಷದ ನಂತರ ಅದೇ ಗುರುತಿನಿಂದ 4.2.

ನನಗೆ ಅದರ ಅರ್ಥ ನೀರು ಕುಡಿದಷ್ಟು ಸುಲಭವಾಗಿತ್ತು. ಆಕೆ ಎರಡನೇ ಸಲ ಪರೀಕ್ಷೆ ಮಾಡಿದ್ದಾಳೆ, ಆಗ ಬೇರೆಯವರ ಟ್ಯೂಬು ಇಟ್ಟಿದ್ದಾಳೆ, ಈಗ ಇಲ್ಲ ಎನ್ನುತ್ತಿದ್ದಾಳೆ. ಹಾಗೆಯೇ ಬರೆದೆ, ಕೆಳಗೆ ಸಹಿ ಹಾಕಿದೆ. ಅದೇ ದಿನ ಆಕೆಯ ಫೋನು ಬಂತು.

"ಮೇಡಂರಿ, ನಾನು ಎರಡನೇ ಸಲ ಮಾಡೇ ಇಲ್ರಿ. ಯಂತ್ರದ ಮೆಮೊರಿ ತೆಗೆದು ನೋಡ್ರಿ ಬೇಕಾದ್ರ."

"ಯಾಕ ಬೇಕು? ಲಾಗ್ ಐತಲ್ಲ. ಲಾಗ್ ಸುಳ್ಳು ಹೇಳಂಗಿಲ್ಲವ್ವಾ."

"ಹಂಗಾದ್ರ ನಾನು ಸುಳ್ಳು ಹೇಳ್ತೀನೇನ್ರಿ?"

ನಾನು ಉತ್ತರ ಕೊಡಲಿಲ್ಲ. ಆಕೆ ಫೋನ್ ಇಟ್ಟಳು. ಮಂಗಳವಾರದಿಂದ ಮನೆಯಲ್ಲಿರಲು ಆಕೆಗೆ ಹೇಳಿದರು. ಶನಿವಾರ ವಿಚಾರಣೆ, ಅದಾದ ಮೇಲೆ ಕೆಲಸದಿಂದ ತೆಗೆಯುವುದು ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅಜಾಗರೂಕತೆ ಎಂದು ಒಮ್ಮೆ ಬರೆದು ಕಳಿಸಿದರೆ ಈ ಸುತ್ತಮುತ್ತಲಿನ ಯಾವ ಲ್ಯಾಬಿನಲ್ಲೂ ಆಕೆಗೆ ಕೆಲಸ ಸಿಗುವುದಿಲ್ಲ. ಇದು ನನಗೂ ಗೊತ್ತಿತ್ತು. ತಪ್ಪು ಮಾಡಿದವರು ಅನುಭವಿಸಬೇಕು ಎಂದುಕೊಂಡು ನನ್ನ ಕೆಲಸಕ್ಕೆ ಮರಳಿದೆ.

ಗುರುವಾರ ಬೆಳಗ್ಗೆ ಕಮಲಾಪುರದ ಹೊಸ ಶಾಖೆಗೆಂದು ಮೂರನೇ ಪ್ರತಿ ತೆಗೆದೆ. ಲಾಗಿನ್ ಆಗಲು ಹೋದರೆ ಅದೇ ಸೂಚನೆ. ಈ ಕೀಲಿ ನಿಮಗೆ ಈಗಾಗಲೇ ಗೊತ್ತು. ಈ ಸಲ ಕೆಳಗೆ ಎರಡು ಹೆಸರಿತ್ತು, ಸಂಡೂರು ಮತ್ತು ಕಂಪ್ಲಿ. ಹೌದು ಎಂದು ಟೈಪ್ ಮಾಡಲು ಎತ್ತಿದ ಕೈ ಅಲ್ಲೇ ನಿಂತಿತು. ಎರಡು ಊರಿನ ಮಷೀನುಗಳು ಒಂದೇ ಕೀಲಿ ತೋರಿಸುವುದು ಹೇಗೆ? ಮೂರು ಕಿಟಕಿ ತೆರೆದು ಮೂರೂ ಮಷೀನಿನ ಗುರುತಿನ ಕಡತವನ್ನು ಪಕ್ಕಪಕ್ಕದಲ್ಲಿಟ್ಟು ಓದಿದೆ. ಮೂವತ್ತೆರಡು ಅಕ್ಷರ. ಬೆರಳಿಟ್ಟು ಒಂದೊಂದನ್ನೇ ನೋಡಿದೆ. ಮೂರೂ ಒಂದೇ.

ಟೆಂಪ್ಲೇಟಿನ ಡಿಸ್ಕನ್ನು ಶುರು ಮಾಡದೆ, ಓದಲು ಮಾತ್ರ ಜೋಡಿಸಿ, ಒಳಗೆ ನೋಡಿದೆ. ಗುರುತಿನ ಕಡತ ಖಾಲಿ ಇರಲಿಲ್ಲ. ಅದನ್ನು ಬರೆದ ಹೊತ್ತು ಆ ಸೋಮವಾರದ ಬೆಳಗಿನದು, ಹಿರಿಯರು ಕಣ್ಣು ಮುಚ್ಚಿ ಗುಂಡಿ ಒತ್ತಿದ ನಿಮಿಷದ್ದು. ಮೆಟ್ರಿಯ ರೈತ ಬಂದಿದ್ದ ದಿನದ ಸಂಡೂರಿನ ಸ್ಥಳೀಯ ದಾಖಲೆ ತೆಗೆದೆ. ಅಲ್ಲಿಯೂ ಒಬ್ಬ ತುರ್ತು ರೋಗಿ, ನಂಬರ್ ಎರಡು, 4.2. ಕಂಪ್ಲಿಯ ವೈದ್ಯರಿಗೆ ಫೋನ್ ಮಾಡಿ, ಯಂತ್ರದ ಮೆಮೊರಿಯಲ್ಲಿ ಆ ದಿನದ ತುರ್ತು ನಂಬರ್ ಎರಡು ಎಷ್ಟು ಸಲ ಇದೆ ನೋಡಿ ಎಂದೆ. ಅವರು ನೋಡಿ ಹೇಳಿದರು. ಒಂದೇ ಸಲ, 6.8.

ಮೊದಲು ಮಾಡಬೇಕಾದ್ದು ಮಾಡಿದೆ. ಎರಡೂ ಶಾಖೆಗಳಿಗೆ ಫೋನ್ ಮಾಡಿ, ನಾನು ಹೇಳುವವರೆಗೆ ತುರ್ತು ಪರೀಕ್ಷೆಯ ಅಂಕಿಯನ್ನು ಯಂತ್ರದ ಚೀಟಿಯಿಂದಲೇ ಓದಿ ವೈದ್ಯರಿಗೆ ಕೊಡಿ, ಕಂಪ್ಯೂಟರ್ ನಂಬಬೇಡಿ ಎಂದೆ. ಆಮೇಲೆ ಕುರ್ಚಿಯಲ್ಲಿ ಕೂತೆ. ಸರಿಪಡಿಸುವುದು ಎಷ್ಟು ಸುಲಭವೆಂದರೆ ಹೇಳಲು ನಾಚಿಕೆಯಾಗುತ್ತದೆ. ಪ್ರತಿ ಮಷೀನಿನಲ್ಲಿ ಆ ಕಡತ ಖಾಲಿ ಮಾಡಿ, ಕೀಲಿ ಅಳಿಸಿ, ಒಮ್ಮೆ ಆರಿಸಿ ಶುರು ಮಾಡಿದರೆ ಮುಗಿಯಿತು. ಮೂರು ಮಷೀನಿಗೆ ಹದಿನೈದು ನಿಮಿಷ. ಆಮೇಲೆ ಬ್ರಹ್ಮ ಬಂದರೂ ಏನಾಗಿತ್ತೆಂದು ಹೇಳಲಾರ. ನನ್ನ ಸಹಿಯಿದ್ದ ವರದಿ ಹಾಗೆಯೇ ಉಳಿಯುತ್ತಿತ್ತು. ಆಜ್ಞೆಯನ್ನು ಟೈಪ್ ಮಾಡಿಯೂ ಬಿಟ್ಟಿದ್ದೆ, ಎಂಟರ್ ಒತ್ತುವುದಷ್ಟೇ ಬಾಕಿ. ಹೆದರಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಕೆಲಸ ಹೋಗುವ ಹೆದರಿಕೆಗಿಂತ, ಎಲ್ಲರೂ ಮೇಡಂ ಮೇಡಂ ಎಂದು ಹಿಂದೆ ಬರುತ್ತಿದ್ದ ಆ ಗೌರವ ಹೋಗುವ ಹೆದರಿಕೆ. ಆಕೆ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಸುಮ್ಮನಿದ್ದದ್ದು ನೆನಪಾಯಿತು. ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಅಳಿಸಿದೆ. ಮೂರೂ ಮಷೀನುಗಳ ಸ್ಥಿತಿಯನ್ನು ಇದ್ದ ಹಾಗೆಯೇ ಸ್ನ್ಯಾಪ್‌ಶಾಟ್ ಆಗಿ ಉಳಿಸಿಟ್ಟು, ಮೂರೂ ಗುರುತುಗಳನ್ನು ಒಂದೇ ಹಾಳೆಯ ಮೇಲೆ ಮುದ್ರಿಸಿಕೊಂಡು ಆಡಳಿತಾಧಿಕಾರಿಯ ಕೋಣೆಗೆ ಹೋದೆ. ಹಿರಿಯರೂ ಅಲ್ಲೇ ಕೂತಿದ್ದರು.

ಎಲ್ಲ ಕೇಳಿದ ಮೇಲೆ ಆಡಳಿತಾಧಿಕಾರಿ ಎದ್ದು ಬಾಗಿಲು ಹಾಕಿ ಬಂದರು.

"ಮೇಡಂ, ಸಾಫ್ಟ್‌ವೇರ್ ಪ್ರಾಬ್ಲಂ ಅಂತ ಬರೀರಿ, ಸಾಕು. ಆಕಿನ್ನ ವಾಪಸ್ ಕರಸ್ತೀವಿ. ನಡುವೆ ನಿಮ್ಮ ಹೆಸ್ರು ಯಾಕ ಬೇಕು?"

"ಸಾಫ್ಟ್‌ವೇರ್ ಪ್ರಾಬ್ಲಂ ಅಂದ್ರ, ಆಕಿದೂ ಒಂದಿಷ್ಟು ತಪ್ಪು ಇರಬೇಕು ಅಂತ ಮಂದಿ ಅಂತಾರ್ರಿ. ಆಕಿ ಮ್ಯಾಲ ಬರೆದಾಕಿ ನಾನು. ಅದನ್ನ ನಾನ ಅಳಿಸಬೇಕು."

ಹಿರಿಯರು ಆ ಹಾಳೆಯನ್ನು ಎತ್ತಿಕೊಂಡು ನೋಡಿದರು. ಅವರಿಗೆ ಅದರಲ್ಲಿ ಏನೂ ತಿಳಿಯುತ್ತಿರಲಿಲ್ಲ, ಆದರೆ ಮೂರು ಸಾಲೂ ಒಂದೇ ಎಂಬುದು ಕಾಣುತ್ತಿತ್ತು.

"ಹಂಗಾದ್ರ ನಾ ತಿರುಗಿಸಿದ್ದು ತಪ್ಪಾತೇನವ್ವಾ?" ಎಂದು ಕೇಳಿದರು.

"ಇಲ್ರಿ ಅಪ್ಪಾರ. ನೀವು ತಿರುಗಿಸಿದ ಮ್ಯಾಲ ನಾನು ಮತ್ತ ತೊಳೀಬೇಕಿತ್ತು. ತೊಳೀಲಿಲ್ಲ. ಗೊತ್ತಿದ್ದೂ ತೊಳೀಲಿಲ್ಲ."

"ನಮ್ಮ ಗಿರಣ್ಯಾಗೂ ಖಾಲಿ ತಿರುಗಿಸಿದ ಮ್ಯಾಲ ಬೆಲ್ಟು ಬಿಚ್ಚಿ ಒಳಗೆಲ್ಲ ನೋಡಿ, ಆಮ್ಯಾಲ ಭತ್ತ ಹಾಕ್ತೀವಿ," ಎಂದರು ಅವರು. "ಅದನ್ನ ನಾನೂ ನಿನಗ ಹೇಳಲಿಲ್ಲ ನೋಡು." ಆಮೇಲೆ ಆಡಳಿತಾಧಿಕಾರಿಯ ಕಡೆ ತಿರುಗಿ, "ಆಕಿ ಹೆಂಗ ಹೇಳ್ತಾಳೋ ಹಂಗ ಬರೀರಿ. ಮೆಟ್ರಿಯವರಿಗೂ ತಿಳಿಸ್ರಿ," ಎಂದು ಎದ್ದರು.

ಹಳೆಯ ವರದಿ ತಪ್ಪು, ಕಂಪ್ಲಿಯ ಟೆಕ್ನಿಷಿಯನ್ನರ ಕೆಲಸದಲ್ಲಿ ಯಾವ ಲೋಪವೂ ಇಲ್ಲ, ದೋಷ ನನ್ನದು ಎಂದು ಹೊಸ ವರದಿ ಬರೆದು ಸಹಿ ಹಾಕಿದೆ. ನನಗೆ ಲಿಖಿತ ಎಚ್ಚರಿಕೆ ಬಂತು. ಬರಬೇಕಾದ್ದೇ. ಎರಡು ಊರಿನ ನಂಬರುಗಳು ಹೀಗೆ ಒಂದರ ಮೇಲೊಂದು ಬಿದ್ದ ದಿನಗಳನ್ನೆಲ್ಲ ಹುಡುಕಿ ತೆಗೆದು, ವೈದ್ಯರ ಮುಂದೆ ಕೂತು ಒಂದೊಂದನ್ನೇ ಪರಿಶೀಲಿಸಿದೆವು. ಇನ್ನೂ ನಾಲ್ಕು ವರದಿಗಳು ಅದಲುಬದಲಾಗಿದ್ದವು. ದೇವರು ದೊಡ್ಡವನು, ಅವುಗಳಲ್ಲಿ ಅಂಕಿಗಳ ಅಂತರ ಚಿಕ್ಕದಿತ್ತು. ಆ ನಾಲ್ವರ ಮನೆಗೂ ಫೋನ್ ಹೋಯಿತು.

ಟೆಂಪ್ಲೇಟನ್ನು ಮತ್ತೆ ಮೊದಲಿನಿಂದ ಕಟ್ಟಿದೆ. ತೇಪೆ ಹಾಕಲು ಮನಸ್ಸು ಬರಲಿಲ್ಲ. ಈ ಸಲ ಗೋಡೆಯ ಪಟ್ಟಿ ಹರಿದುಹಾಕಿ, ಅಳಿಸುವ ಅಷ್ಟೂ ಕೆಲಸವನ್ನು ಒಂದೇ ಸ್ಕ್ರಿಪ್ಟಿನಲ್ಲಿ ಬರೆದೆ. ಎಲ್ಲ ಅಳಿಸಿದ ಮೇಲೆ ಕೊನೆಯ ಸಾಲು ಮಷೀನನ್ನು ಆರಿಸುತ್ತದೆ. ಟೆಂಪ್ಲೇಟ್ ಮಾಡಿದ ಮೇಲೆ ಎರಡು ಪ್ರತಿ ತೆಗೆದು, ಎರಡನ್ನೂ ಶುರು ಮಾಡಿ, ಗುರುತು ಬೇರೆ ಬೇರೆ ಇದೆಯೇ ಎಂದು ನೋಡಿ, ಆ ಎರಡನ್ನೂ ಬಿಸಾಡುವುದು ಈಗ ನಿಯಮ. ನೋಡುವವಳು ನಾನಲ್ಲ, ಬೇರೆಯವರು. ಕೇಂದ್ರದ ಪ್ರೋಗ್ರಾಮಿನಲ್ಲೂ ತುರ್ತು ನಂಬರಿನ ಮುಂದೆ ಶಾಖೆಯ ಅಕ್ಷರ ಬರುವಂತೆ ಮಾಡಿಸಿದೆ. ಪೂಜೆಗೆ ಹಿರಿಯರು ಮತ್ತೆ ಬಂದರು. ಕಂಪ್ಲಿಗೆ ಹೋಗಬೇಕಿದ್ದ ಪ್ರತಿಯನ್ನೇ ಅವರ ಮುಂದಿಟ್ಟೆ. ಅದನ್ನು ಅವರು ತಿರುಗಿಸಿದರು; ಅದು ಟೆಂಪ್ಲೇಟಲ್ಲ, ಪ್ರತಿ, ನಿಲ್ಲಿಸಿ ತೊಳೆಯುವ ಪ್ರಮೇಯವೇ ಇರಲಿಲ್ಲ.

ಇದೆಲ್ಲ ಆಗುವ ಮುಂಚೆ, ಹೊಸ ವರದಿ ಬರೆದ ಮರುದಿನವೇ, ಬಸ್ಸು ಹಿಡಿದು ಕಂಪ್ಲಿಗೆ ಆಕೆಯ ಮನೆಗೆ ಹೋಗಿದ್ದೆ. ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತಳು. ಒಳಗೆ ಬರ್ರಿ ಎನ್ನಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ನನ್ನ ತಪ್ಪು, ಮೆಮೊರಿ ನೋಡ್ರಿ ಅಂದ್ರೂ ನೋಡಲಿಲ್ಲ, ಕ್ಷಮಿಸು ಎಂದೆ. ಕೈ ಮುಗಿದೆ.

"ಸೋಮವಾರದಿಂದ ಬರ್ರಿ ಅಂತ ನಿನ್ನೆ ಫೋನ್ ಬಂದಿತ್ರಿ," ಎಂದಳು ಆಕೆ. "ಬರ್ತೀನಿ. ಮನಿ ನಡೀಬೇಕಲ್ರಿ. ಆದ್ರ ಮೇಡಂ, ನನಗ ಬೈದದ್ದು ಹಾಲಿನ್ಯಾಗ, ಅಷ್ಟು ಮಂದಿ ಮುಂದ. ನೀವು ಬಂದು ಹೇಳಾಕತ್ತಿದ್ದು ನನ್ನ ಬಾಗಿಲ್ದಾಗ. ಆ ಮಂದಿಗೆ ಯಾರು ಹೇಳಬೇಕು?"

ಮುಗಿದ ಕೈ ಇಳಿಸಿದೆ. ನೀರು ಬೇಕೇನ್ರಿ ಎಂದು ಕೇಳಿದಳು. ಬೇಡ ಎಂದು ತಿರುಗಿ ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅತ್ತೆ.

ಹೊಸ ಪ್ರತಿಯನ್ನು ಕೂರಿಸಲು ಹತ್ತು ದಿನದ ನಂತರ ಕಂಪ್ಲಿ ಶಾಖೆಗೆ ಹೋದೆ. ಆಕೆ ತನ್ನ ಜಾಗದಲ್ಲಿದ್ದಳು. ನನ್ನ ಜೊತೆ ಬೇಕಾದಷ್ಟೇ ಮಾತು. ಹಾಲ್ ತುಂಬ ಜನರಿದ್ದರು. ಆದರೆ ರಕ್ತ ಕೊಡಲು ಬಂದವರಲ್ಲಿ ಕೆಲವರು ಆಕೆಯನ್ನು ನೋಡಿ, ಇನ್ನೊಬ್ಬರಿಲ್ಲೇನ್ರಿ ಎಂದು ಕೇಳುವುದು ನನ್ನ ಕಿವಿಗೆ ಬಿತ್ತು. ಆಕೆ ಇಲ್ರಿ ಎನ್ನುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. ಮಷೀನ್ ಕೂರಿಸಿ, ಗುರುತು ನೋಡಿ, ತುರ್ತು ನಂಬರ್ ಒಂದನ್ನು ಪರೀಕ್ಷಿಸಿ ಹೊರಡುವುದರಲ್ಲಿದ್ದೆ. ಅಷ್ಟರಲ್ಲಿ ಮೆಟ್ರಿಯ ಆ ವೃದ್ಧರು ಮಗನ ಹೆಗಲು ಹಿಡಿದು ಬಂದರು. ತಿಂಗಳ ರಕ್ತ ಪರೀಕ್ಷೆಗೆ ಬಂದಿದ್ದರು. ಮಗ ಆಕೆಯನ್ನು ನೋಡಿ ಮುಖ ಕೆಳಗೆ ಹಾಕಿದ. ವೃದ್ಧರು ಮಾತ್ರ ಕಂಪ್ಯೂಟರ್ ಚೀಲ ಹಿಡಿದು ನಿಂತಿದ್ದ ನನ್ನ ಕಡೆ ನೇರವಾಗಿ ಬಂದು, ಎದುರಿನ ಬೆಂಚಿನ ಮೇಲೆ ಕೂತರು.

"ಹೊಸಪ್ಯಾಟಿ ಕಂಪ್ಯೂಟರ್ ಮೇಡಂ ನೀನ ಏನವ್ವಾ?"

"ಹೌದ್ರಿ ಅಜ್ಜಾ."

"ಅವತ್ತು ನನಗ ಏನಾಗಿತ್ತು? ಡಾಕ್ಟ್ರು ಫೋನಿನ್ಯಾಗ ಹೇಳಿದ್ರಂತ. ನನಗ ತಿಳೀಲಿಲ್ಲ. ನೀನ ಹೇಳು."

ನಾನು ಬಗ್ಗಿ, ಅವರಿಗಷ್ಟೇ ಕೇಳುವಂತೆ, ವರದಿ ತಪ್ಪಾಗಿ ಬಂದಿತ್ತು ಅಜ್ಜಾ, ಅದು ನನ್ನಿಂದ ಆದದ್ದು ಎಂದೆ. ಅವರು ಕಿವಿಗೆ ಕೈ ಇಟ್ಟುಕೊಂಡರು.

"ಜೋರಾಗಿ ಹೇಳವ್ವಾ, ಕೇಳವಲ್ದು."

ಸ್ವಲ್ಪ ಜೋರಾಗಿ ಹೇಳಿದೆ. ಹತ್ತಿರದ ಬೆಂಚಿನವರು ತಿರುಗಿ ನೋಡಿದರು.

"ಇನ್ನೂ ಜೋರಾಗಿ. ಯಾರ ತಪ್ಪು ಅಂದಿ?"

ನೆಟ್ಟಗೆ ನಿಂತೆ. "ಅಜ್ಜಾ, ತಪ್ಪು ನಂದು," ಎಂದು ಗಂಟಲು ಎತ್ತಿ ಹೇಳಿದೆ. "ಈ ಅಕ್ಕಾರು ನಿಮ್ಮ ರಕ್ತ ಸರಿಯಾಗೇ ನೋಡಿದ್ರು. ಆರು ಪಾಯಿಂಟ್ ಎಂಟು ಅಂತ ಸರಿಯಾಗೇ ಬಂದಿತ್ತು. ನಾನು ಕಂಪ್ಯೂಟರ್ ತಪ್ಪು ಮಾಡಿ ಇಟ್ಟಿದ್ದೆ, ಅದಕ್ಕ ಸಂಡೂರಿನವರ ಅಂಕಿ ನಿಮಗ ಬಂತು. ಆಮ್ಯಾಲ ಈ ಅಕ್ಕಾರದ ತಪ್ಪು ಅಂತ ಬರೆದಾಕಿನೂ ನಾನ. ಇವರದು ಏನೇನೂ ತಪ್ಪಿಲ್ಲ. ನನ್ನ ಕ್ಷಮಿಸ್ರಿ."

ಔಷಧಿ ಕೊಡುವವನೂ ಕೈ ನಿಲ್ಲಿಸಿ ನೋಡುತ್ತಿದ್ದ. ವೃದ್ಧರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, "ಹೂಂ, ಈಗ ಕೇಳ್ತು," ಎಂದು ಎದ್ದರು. ಆಕೆಯ ಮುಂದಿನ ಕುರ್ಚಿಗೆ ಹೋಗಿ ಕೂತು, ಅಂಗಿಯ ತೋಳು ಮೇಲೆ ಮಾಡಿ ಕೈ ಚಾಚಿದರು. ಮಗ ಆಕೆಯ ಪಕ್ಕ ಹೋಗಿ ಏನೋ ಹೇಳಿದ, ಆಕೆ ತಲೆಯಾಡಿಸಿದಳು.

ಆಕೆ ಅವರ ತೋಳಿಗೆ ಪಟ್ಟಿ ಬಿಗಿದು ಸೂಜಿ ಎತ್ತಿಕೊಂಡಳು. ವೃದ್ಧರು ಮುಷ್ಟಿ ಬಿಗಿಹಿಡಿದಿದ್ದರು. ಹಾಗೆ ಬಿಗಿಹಿಡಿದರೆ ಪೊಟ್ಯಾಸಿಯಂ ಇರುವುದಕ್ಕಿಂತ ಹೆಚ್ಚು ಬರುತ್ತದಂತೆ. ಆಕೆ ತಲೆ ತಗ್ಗಿಸಿಕೊಂಡೇ, ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ, "ಕೈ ಸಡ್ಲ ಬಿಡ್ರಿ ಅಜ್ಜಾ," ಎಂದಳು.

ಈ ಸಲ ಅವರು ಕಿವಿಗೆ ಕೈ ಇಡಲಿಲ್ಲ, ಕೂಡಲೇ ಬೆರಳು ಸಡಿಲಿಸಿದರು.